ಕೆಂಚಿಯ ಹೇನು

ಕುದುರೆಗೂ ಹೇನಾಗುತ್ತದೆ ಎಂಬುದು ಕುರಿಯವರ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಹೇನಿನ ವಿಷಯದಲ್ಲಿ ನಾನೇನು ಸಾಮಾನ್ಯಳಲ್ಲ. ಹಿರಿಯೂರಿನ ಹಾಸ್ಟೆಲ್ಲಿನಿಂದ ರಜೆಗೆ ಬರುವ ಮಗಳು ರಂಜಿತಾಳ ತಲೆಯಲ್ಲಿ ಹೆಕ್ಕಿದ ಹೇನುಗಳಿಗೆ ಯಾರಾದರೂ ನನ್ನನ್ನು ಕರೆದು ಶಾಲು ಹೊದಿಸಿ ಸನ್ಮಾನ ಮಾಡಬೇಕು. ಆದರೂ ನಮ್ಮ ತಟ್ಟುಗುದುರೆ ಕೆಂಚಿ ಬೇವಿನ ಮರಕ್ಕೆ ಕತ್ತು ತಿಕ್ಕಿ ತಿಕ್ಕಿ ತೊಗಟೆ ಎಬ್ಬಿಸುತ್ತಿದ್ದಾಗ, ಚಳಿಗೆ ಚರ್ಮ ಒಣಗಿರಬೇಕು ಅಂದುಕೊಂಡು ಸುಮ್ಮನಿದ್ದೆ.

ನಮ್ಮ ಹಟ್ಟಿ ಜವನಗೊಂಡನಹಳ್ಳಿ ಕಡೆಯದು. ಸುಗ್ಗಿ ಮುಗಿಯುತ್ತಿದ್ದಂತೆ ಮಂದೆ ಹೊಡೆದುಕೊಂಡು ಮಾರಿಕಣಿವೆ ಅಣೆಕಟ್ಟಿನ ಕೆಳಗಿನ ನಾಲೆ ಬಯಲಿಗೆ ಬರುತ್ತೇವೆ. ರೈತರು ಕರೆದು ತಮ್ಮ ಹೊಲದಲ್ಲಿ ಮಂದೆ ತಂಗಿಸಿಕೊಳ್ಳುತ್ತಾರೆ. ಕುರಿಗೆ ಮೇವಾಯಿತು, ಹೊಲಕ್ಕೆ ಗೊಬ್ಬರವಾಯಿತು. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಪಾತ್ರೆ, ಕಂಬಳಿ, ಆಗತಾನೇ ಹುಟ್ಟಿದ ಮರಿಗಳು, ಎಲ್ಲಕ್ಕಿಂತ ಮುಖ್ಯವಾಗಿ ನನ್ನ ಅತ್ತೆ ಹುಚ್ಚಕ್ಕ, ಇಷ್ಟನ್ನೂ ಹೊರುವವಳು ಕೆಂಚಿ. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಾಲ್ಕು ಮಾರು ನಡೆಯುವುದೂ ಕಷ್ಟವಾಗಿತ್ತು. ಹೊಲದ ಬದುವಿನ ಮೇಲೆ, ನಾಲೆ ಏರಿಯ ಮೇಲೆ ಆಟೋ ಬರುವುದಿಲ್ಲ. ಕೆಂಚಿ ಇದ್ದರೆ ಅತ್ತೆ ಮಂದೆಯ ಜೊತೆ ಇರುತ್ತಾರೆ, ಇಲ್ಲದಿದ್ದರೆ ಹಟ್ಟಿಯ ಜಗಲಿಯೇ ಗತಿ. ಹುಟ್ಟಿದಾಗಿನಿಂದ ಕುರಿಯ ಹಿಂದೆ ತಿರುಗಿದ ಹೆಂಗಸನ್ನು ಜಗಲಿಯ ಮೇಲೆ ಕೂರಿಸಿದರೆ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು.

ಆ ಚಳಿಗಾಲ ನಾವು ಮುರುಗಪ್ಪ ಎಂಬ ರೈತರ ಹೊಲದಲ್ಲಿದ್ದೆವು. ಒಂದು ಬೆಳಿಗ್ಗೆ ಕೆಂಚಿಯ ಮೈ ಸವರುತ್ತಿದ್ದ ಅತ್ತೆ ನನ್ನನ್ನು ಕೂಗಿದರು.

"ಮೀನಾಕ್ಷಿ, ಇಲ್ಲಿ ನೋಡವ್ವ. ಇದೇನು ಹೊಟ್ಟು ಉದುರ್ದಂಗೆ ಐತೆ."

ನಾನು ಕತ್ತಿನ ಉದ್ದ ಕೂದಲನ್ನು ಬೈತಲೆ ತೆಗೆದಂತೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದೆ. ಬುಡದ ತುಂಬ ಬಿಳಿ ಸೀರು. ಅದರ ನಡುವೆ ಸಣ್ಣ ಸಣ್ಣ ಕಂದು ಹುಳಗಳು ಅಪ್ಪನ ಆಸ್ತಿಯಲ್ಲಿ ಓಡಾಡಿದಂತೆ ಆರಾಮವಾಗಿ ಓಡಾಡುತ್ತಿದ್ದವು.

"ಅತ್ತೆ, ಇದು ಹೇನು."

"ಯಾರಿಗೆ?"

"ಇನ್ಯಾರಿಗೆ? ಕೆಂಚಿಗೆ."

"ಬಾಯ್ ಮುಚ್ಚು. ನನ್ನ ಕೆಂಚಿಗೆ ಹೇನಾ? ಹೇನಾಗಾಕೆ ಅವಳೇನು ಹೇಳೋರು ಕೇಳೋರಿಲ್ದೋಳಾ?" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದರು. ಆಮೇಲೆ ತಾವೂ ಬಗ್ಗಿ ನೋಡಿ, ದನಿ ತಗ್ಗಿಸಿ, "ಪಕ್ಕದ ಮಂದೆಯೋರ ಮುಂದೆ ಹೇಳ್ಬ್ಯಾಡ ಕಣವ್ವ" ಎಂದರು. ಮದುವೆಗೆ ಬಂದ ಮಗಳ ತಲೆಯಲ್ಲಿ ಹೇನು ಸಿಕ್ಕಿದ್ದರೂ ಅವರು ಇಷ್ಟು ನಾಚುತ್ತಿರಲಿಲ್ಲ.

ಕೂದಲು ಕತ್ತರಿಸಿಬಿಟ್ಟರೆ ಅರ್ಧ ಹೇನು ಅದರ ಜೊತೆಗೇ ಹೋಗುತ್ತವೆ ಎಂದು ನಾನು ಹೇಳಿದೆ. ಹೇಳಬಾರದಿತ್ತು. ಕೆಂಚಿಯ ಕತ್ತಿನ ಕೂದಲು ಹರಕೆಯದು. ಕೆಂಚಿ ಹುಟ್ಟಿದ ವಾರದಲ್ಲೇ ಅದರ ತಾಯಿ ಸತ್ತಿತ್ತು. ಅತ್ತೆ ಮೇಕೆ ಹಾಲು ಕುಡಿಸಿ, ಕಂಬಳಿಯಲ್ಲಿ ಸುತ್ತಿ ಮಗ್ಗುಲಲ್ಲಿ ಮಲಗಿಸಿಕೊಂಡು ಅದನ್ನು ಸಾಕಿದ್ದರು. ಇದು ಬದುಕಿ, ಬೆಳೆದು, ತಾನೂ ಒಂದು ಮರಿ ಹಾಕಿದ ಮೇಲೆ ಇದರ ಮುಡಿಯನ್ನು ತಂದೊಪ್ಪಿಸುತ್ತೇನೆ, ಅಲ್ಲಿವರೆಗೂ ಕತ್ತರಿ ಮುಟ್ಟಿಸುವುದಿಲ್ಲ ಎಂದು ಹಟ್ಟಿಯ ದೇವರಿಗೆ ಹೇಳಿಕೊಂಡಿದ್ದರು. ಕೆಂಚಿ ಇನ್ನೂ ಮರಿ ಹಾಕಿರಲಿಲ್ಲ. ಕೂದಲು ಮಾತ್ರ ಮುಂಗಾಲಿನ ಕೀಲಿನವರೆಗೆ ಇಳಿದಿತ್ತು.

"ಕತ್ತರಿ ಮಾತು ಆಡ್ಬ್ಯಾಡ" ಎಂದು ಅತ್ತೆ ಮುಗಿಸಿದರು.

ಮಾವ ಜುಂಜಯ್ಯ ಆಗ ಬಂದರು. ಅವರಿಗೆ ಯಾವುದೂ ಸಮಸ್ಯೆಯೇ ಅಲ್ಲ. ಕುರಿಗೆ ಉಣ್ಣಿ ಹತ್ತಿದರೆ ಹಚ್ಚುವ ಔಷಧಿ ನಮ್ಮ ಗಂಟಿನಲ್ಲಿ ಸದಾ ಇರುತ್ತದೆ. ನೀರಿಗೆ ಬೆರೆಸಿ ಮೈಗೆಲ್ಲ ಹುಯ್ದರೆ ಉಣ್ಣಿ, ಹೇನು, ಚಿಗಟ ಎಲ್ಲ ಉದುರುತ್ತವೆ. ಅವರ ಕೈಯಲ್ಲಿ ಒಂದು ಕುರಿಯೂ ಆ ಔಷಧಿಯಿಂದ ಕೆಟ್ಟದ್ದಿಲ್ಲ.

"ಕುರಿ ಔಷಧಿ ಕುದುರೆಗೆ ಆಗ್ತೈತಾ ಮಾವ?" ಎಂದು ಕೇಳಿದೆ.

"ಅದಕ್ಕೂ ನಾಕು ಕಾಲು ಅವೆ, ಇದಕ್ಕೂ ನಾಕು ಕಾಲು ಅವೆ. ಆಗ್ದೆ ಏನಾಗ್ತೈತೆ?"

ಕತ್ತರಿಯ ಮಾತು ತಪ್ಪಿತಲ್ಲ ಎಂದು ಅತ್ತೆಯೂ ತಲೆಯಾಡಿಸಿದರು. ಕುರಿಯ ಮೈಯಾದರೆ ತುಪ್ಪಟ ಕತ್ತರಿಸಿದ ಮೇಲೆ ಬೋಳಾಗಿರುತ್ತದೆ, ಇದಕ್ಕೆ ಚಳಿಗಾಲದ ದಟ್ಟ ಕೂದಲು ಎಂದು ಮಾವ ಔಷಧಿಯನ್ನು ಗಟ್ಟಿಯಾಗಿಯೇ ಕಲಸಿದರು. ಕತ್ತಿನ ಕೂದಲನ್ನು ಎತ್ತಿ ಎತ್ತಿ ಬುಡಕ್ಕೆ ಇಳಿಯುವ ಹಾಗೆ ಹುಯ್ದು, ಕೈಯಿಂದ ತಿಕ್ಕಿದರು. ಹೆಂಡತಿಗೆ ಒಂದು ದಿನವೂ ಅಷ್ಟು ಮುತುವರ್ಜಿಯಿಂದ ಎಣ್ಣೆ ಹಚ್ಚಿದವರಲ್ಲ. ಕೆಂಚಿ ಆ ವಾಸನೆಗೆ ಮೂಗು ಸೊಟ್ಟ ಮಾಡಿ ನಿಂತಿತ್ತು.

ಮಾರನೇ ದಿನ ಬೆಳಿಗ್ಗೆ ಅತ್ತೆ ಪೊರಕೆ ಹಿಡಿದು ಹೋದರು. ಕೂತಲ್ಲಿಂದಲೇ ಕೆಂಚಿಯ ಲದ್ದಿ ಗುಡಿಸುವುದು ಅವರು ಯಾರಿಗೂ ಬಿಟ್ಟುಕೊಡದ ಕೆಲಸ. ಅವತ್ತು ಗುಡಿಸಲು ಏನೂ ಇರಲಿಲ್ಲ. ಕೆಂಚಿ ಹಾಕಿದ್ದ ಮೇವನ್ನು ಮೂಸಿಯೂ ನೋಡಿರಲಿಲ್ಲ. ತಲೆ ಜೋತು ಹಾಕಿಕೊಂಡು, ಆಗಾಗ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಬಿಸಿಲೇರುವ ಹೊತ್ತಿಗೆ ಮುಂಗಾಲಿನಿಂದ ನೆಲ ಕೆರೆಯತೊಡಗಿತು. ಹಾಗೇ ಕುಸಿದು ಕೂತಿತು.

"ಏ ಜುಂಜೇಶ್ನಪ್ಪಾ, ನನ್ನ ಕೆಂಚಿಗೆ ಏನ್ ಮಾಡಿದೆ?" ಎಂದು ಅತ್ತೆ ಕೂಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

ನನ್ನ ಗಂಡ ಜುಂಜೇಶ್ ಕುರಿ ಬಿಟ್ಟುಕೊಂಡು ದೂರ ಹೋಗಿದ್ದ. ನಾನು ಮುರುಗಪ್ಪನವರಿಗೆ ಫೋನ್ ಮಾಡಿದೆ. ಹಣೆಯ ತುಂಬ ವಿಭೂತಿ, ಮೈಮೇಲೆ ಒಂದು ಕಲೆಯಿಲ್ಲದ ಬಿಳಿ ಪಂಚೆ, ಎಲ್ಲಿಗೆ ಹೋದರೂ ಮದುವೆಗೆ ಹೊರಟವರ ಹಾಗೆ ಕಾಣುವ ಮನುಷ್ಯ. ಅವರು ಏನು ಎತ್ತ ಎಂದು ಕೇಳುತ್ತ ಕೂರಲಿಲ್ಲ. ಬೈಕಿನಲ್ಲಿ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರನ್ನು ಹಿಂದೆ ಕೂರಿಸಿಕೊಂಡು, ಅವರ ಔಷಧಿ ಪೆಟ್ಟಿಗೆಯನ್ನು ತಮ್ಮ ಮುಂದಿಟ್ಟುಕೊಂಡು ಬಂದರು. ಅವರಿಗೆ ನಾವು ಯಾರು? ಹೊಲದಲ್ಲಿ ಕೆಲವು ವಾರ ಮಂದೆ ತಂಗಿಸುವ ಜನ. ಅವತ್ತು ಅವರ ಮನೆಯಲ್ಲಿ ನೆಂಟರಿದ್ದರು, ಊಟಕ್ಕೆ ಎಲೆ ಹಾಕಿದ್ದರೂ ಹಾಗೇ ಎದ್ದು ಬಂದಿದ್ದರು ಎಂಬುದು ಆಮೇಲೆ ತಿಳಿಯಿತು.

ಡಾಕ್ಟರ ಹೆಸರು ಸ್ವಾತಿ. ಬೇರೆ ಕಡೆಯಿಂದ ವರ್ಗವಾಗಿ ಬಂದ ಚಿಕ್ಕ ವಯಸ್ಸಿನವರು. ಕೆಂಚಿಯ ಹತ್ತಿರ ಬಂದವರೇ ಮೂಗರಳಿಸಿ, "ಮೈಗೆ ಏನು ಹಾಕಿದೀರಿ?" ಎಂದರು. ಮಾವ ಬಾಟಲಿ ತಂದು ತೋರಿಸಿದರು. ಡಾಕ್ಟರ ಮುಖ ಸಣ್ಣದಾಯಿತು. ಕೆಂಚಿಯ ಹೊಟ್ಟೆಯ ಎರಡೂ ಕಡೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಕುದುರೆ ಹೊಟ್ಟೆ ಯಾವಾಗಲೂ ಗುಡುಗುಡು ಅಂತಾನೇ ಇರಬೇಕು. ಇಲ್ಲಿ ಸದ್ದೇ ಇಲ್ಲ. ಇದು ಅಮಿತ್ರಾಜ್ ಅನ್ನೋ ಔಷಧಿ. ಕುರಿಗೆ, ದನಕ್ಕೆ ಹಾಕಬಹುದು. ಕುದುರೆಗೆ, ಕತ್ತೆಗೆ ಹಾಕಬಾರದು. ಕರುಳಿನ ಓಡಾಟಾನೇ ನಿಲ್ಲಿಸಿಬಿಡುತ್ತೆ."

ಮಾವ ನಿಂತಲ್ಲೇ ಕುಕ್ಕರಿಸಿದರು.

"ಉಳೀತಾಳೇನವ್ವ?" ಎಂದರು ಅತ್ತೆ.

"ಸುಳ್ಳು ಹೇಳಲ್ಲ ಅಜ್ಜಿ, ನನಗೆ ಗೊತ್ತಿಲ್ಲ. ಕರುಳು ಮತ್ತೆ ಓಡಿ ಲದ್ದಿ ಹಾಕಿದರೆ ಉಳೀತಾಳೆ. ಅದೊಂದೇ ದಾರಿ."

ನೋವಿಗೆ ಸೂಜಿ ಚುಚ್ಚಿದರು. ಸಲೈನ್ ಬಾಟಲಿಯನ್ನು ಮುರುಗಪ್ಪನವರ ಕೈಗೆ ಕೊಟ್ಟು, ಎತ್ತಿ ಹಿಡಿಯಿರಿ ಎಂದರು. ಪಂಚೆಯ ಮನುಷ್ಯ ಕಂಬದ ಹಾಗೆ ಕೈಯೆತ್ತಿ ನಿಂತರು. ಆಮೇಲೆ ಡಾಕ್ಟರು ಕೆಂಚಿಯ ಕತ್ತಿನ ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿದರು.

"ಮೈ ಎಲ್ಲ ಸೋಪು ಹಾಕಿ ತೊಳೀಬೇಕು. ಆದರೆ ಈ ಕೂದಲು ಇಷ್ಟು ದಟ್ಟ ಇದೆ, ಔಷಧಿ ಇದರೊಳಗೇ ಕೂತಿದೆ. ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಚರ್ಮಕ್ಕೆ ಇಳೀತಾನೇ ಇರುತ್ತೆ. ಕತ್ತರಿಸಿದರೆ ಒಳ್ಳೇದು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಹರಕೆಯ ವಿಷಯ ಹೇಳಿದೆ. ಓದಿದವರು, ನಗುತ್ತಾರೇನೋ ಎಂದು ಒಳಗೊಳಗೇ ಸಿಟ್ಟು ಸಿದ್ಧ ಮಾಡಿಕೊಂಡಿದ್ದೆ. ಆಕೆ ನಗಲಿಲ್ಲ. ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕೂತು, "ನೀವು ಹೇಳಿದಂಗೆ ಅಜ್ಜಿ. ಕತ್ತರಿಸದೇ ಇದ್ದರೂ ನಾನು ಬಿಟ್ಟು ಹೋಗಲ್ಲ, ತೊಳೆದು ನೋಡೋಣ" ಎಂದರು. ಆ ಒಂದು ಮಾತಿಗೆ ನಾನು ಆಕೆಗೆ ಬದುಕಿರುವವರೆಗೂ ಋಣಿ.

"ನಾನು ಕತ್ತರಿಸ್ತೀನಿ. ತಪ್ಪು ನಂದು, ಶಾಪಾನೂ ನನಗೇ ಬರ್ಲಿ" ಎಂದು ಮಾವ ಎದ್ದರು.

"ನೀ ಕೂತ್ಕ. ಹೇಳ್ಕಂಡೋಳು ನಾನು" ಎಂದು ಅತ್ತೆ ನನ್ನ ಕಡೆ ಕೈ ಚಾಚಿದರು. "ಕತ್ತರಿ ತಾರವ್ವ."

ಕುರಿ ತುಪ್ಪಟ ಕತ್ತರಿಸುವ ದೊಡ್ಡ ಕತ್ತರಿ ತಂದುಕೊಟ್ಟೆ. ಕೈಗೆ ಔಷಧಿ ತಾಗಬಾರದೆಂದು ಡಾಕ್ಟರು ಅತ್ತೆಯ ಎರಡೂ ಕೈಗೆ ರಬ್ಬರ್ ಗ್ಲೌಸು ತೊಡಿಸಿದರು. ಅತ್ತೆ ನೆಲದ ಮೇಲೆ ತೆವಳಿಕೊಂಡು ಕೆಂಚಿಯ ಕತ್ತಿನ ಹತ್ತಿರ ಹೋದರು. ಮೊದಲು ಹಟ್ಟಿಯ ದಿಕ್ಕಿಗೆ ಮುಖ ಮಾಡಿ, ಪಕ್ಕದ ಮನೆಯವನ ಹತ್ತಿರ ಜಗಳಕ್ಕೆ ನಿಂತ ಹಾಗೆ ದೇವರೊಂದಿಗೆ ಮಾತಾಡಿದರು.

"ನೋಡಪ್ಪ. ನಿನಗೆ ಕೂದಲು ಕೊಡ್ತೀನಿ ಅಂದಿದ್ದೆ. ಇದು ನಿನಗೆ ಕೊಡೋ ಹಂಗೂ ಇಲ್ಲ, ಇದರ ತುಂಬ ಹೇನು, ವಿಷ. ಮಣ್ಣಿಗೆ ಹಾಕ್ತೀನಿ. ಕೂದಲು ಮತ್ತೆ ಬರ್ತೈತೆ, ಕೆಂಚಿ ಮತ್ತೆ ಬರಲ್ಲ. ಇದರಾಗೆ ನಿನಗೆ ಸಿಟ್ಟು ಬರೋದಾದ್ರೆ ನನ್ನ ಕಾಲು ಸೊಂಟ ಇನ್ನೂ ಅವೆ, ಅವನ್ನ ತಗ. ಅವಳ ತಂಟೆಗೆ ಬರ್ಬ್ಯಾಡ."

ಕತ್ತರಿ ಹಾಕಿದರು. ಎಷ್ಟೋ ಕುರಿಗಳ ತುಪ್ಪಟ ಕತ್ತರಿಸಿದ ಕೈ, ಚರ್ಮಕ್ಕೆ ಒಂದು ಗೀರೂ ಬೀಳದಂತೆ ಕತ್ತರಿಸಿತು. ಕಣ್ಣಿಂದ ಮಾತ್ರ ನೀರು ಸುರಿಯುತ್ತಿತ್ತು. ಕೂದಲನ್ನೆಲ್ಲ ನಾನೇ ಗುಂಡಿ ತೋಡಿ ಹೂತೆ. ಆಮೇಲೆ ಗ್ಲೌಸು ತೊಟ್ಟು ಎಲ್ಲರೂ ಸೇರಿ ಕೊಡಗಟ್ಟಲೆ ನಾಲೆ ನೀರು ಹೊತ್ತು ತಂದು ಕೆಂಚಿಯ ಮೈ ತೊಳೆದೆವು.

ಇನ್ನೊಂದು ಕೆಲಸ ಉಳಿದಿತ್ತು. ಡಾಕ್ಟರು ಒಂದು ಉದ್ದ ನಳಿಕೆಯನ್ನು ಕೆಂಚಿಯ ಮೂಗಿನೊಳಗಿಂದ ಹೊಟ್ಟೆಗೆ ಇಳಿಸಿ, ಅದರ ಮೂಲಕ ಒಂದು ಥರದ ಜಾರು ಎಣ್ಣೆ ಬಿಡಬೇಕಿತ್ತು. ನಳಿಕೆ ತಪ್ಪಿ ಶ್ವಾಸಕೋಶಕ್ಕೆ ಹೋದರೆ ಕಥೆ ಅಲ್ಲಿಗೇ ಮುಗಿಯಿತು. ಆಕೆ ಬೆಂಗಳೂರಿನಲ್ಲಿ ರೇಸ್ ಕುದುರೆಗಳನ್ನು ನೋಡುವ ತಮ್ಮ ಗೆಳತಿಗೆ ಫೋನ್ ಹಚ್ಚಿ, ಅದನ್ನು ನನ್ನ ಕೈಗೆ ಕೊಟ್ಟು, ತಮ್ಮ ಕಿವಿಗೆ ಹತ್ತಿರ ಹಿಡಿಯಲು ಹೇಳಿದರು. ಆ ಗೆಳತಿ ಒಂದೊಂದೇ ಹೆಜ್ಜೆ ಹೇಳುತ್ತಾ ಹೋದರು, ಈಕೆ ಒಂದೊಂದನ್ನೂ ಬಾಯಲ್ಲಿ ಅಂದುಕೊಂಡು ಮಾಡುತ್ತಾ ಹೋದರು. ಆಕೆಯ ಹಣೆಯ ಬೆವರು ನನ್ನ ಮುಂಗೈ ಮೇಲೆ ಬೀಳುತ್ತಿತ್ತು. ನಮ್ಮ ಡಾಕ್ಟರಮ್ಮನಿಗೂ ಭಯವಿದೆ ಎಂದು ನನಗೆ ಆಗ ಗೊತ್ತಾಯಿತು. ಗೊತ್ತಾದ ಮೇಲೆ ಆಕೆಯ ಮೇಲಿನ ನಂಬಿಕೆ ಹೆಚ್ಚಾಯಿತು, ಯಾಕೋ ತಿಳಿಯದು.

ಸಂಜೆವರೆಗೂ ಕಾದೆವು. ಕೆಂಚಿಯನ್ನು ಎಬ್ಬಿಸಿ ನಿಧಾನಕ್ಕೆ ನಡೆಸುವುದು, ನಿಲ್ಲಿಸುವುದು, ಹಿಂದೆ ಹೋಗಿ ನೋಡುವುದು. ಏನೂ ಇಲ್ಲ. ಮಾವನಿಗೆ ಬೈಯಬೇಕೆಂದು ನಾನು ಬೆಳಿಗ್ಗೆಯಿಂದ ಮಾತು ಕೂಡಿಟ್ಟಿದ್ದೆ. ಅವರು ಮರದ ಬುಡದಲ್ಲಿ ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡು ಕೂತಿದ್ದರು. ಟೀ ಮಾಡಿ ಕೊಟ್ಟು ಬಂದೆ. ಬೈಗುಳವೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಅತ್ತೆ ಮಾತ್ರ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಮಾರನೇ ದಿನ ಭಾನುವಾರ. ಡಾಕ್ಟರು ಬರುತ್ತಾರೆಂಬ ಆಸೆ ನಮಗಿರಲಿಲ್ಲ. ಹೊತ್ತು ಹುಟ್ಟಿದ ಕೂಡಲೇ ಅವರ ಸ್ಕೂಟಿ ಬದುವಿನ ಮೇಲೆ ಎದ್ದು ಬಿದ್ದು ಬರುವುದು ಕಾಣಿಸಿತು. ಹಿಂದೆಯೇ ಮುರುಗಪ್ಪನವರು, ಹೊಸದಾಗಿ ಒಗೆದ ಪಂಚೆಯಲ್ಲಿ. ಮತ್ತೆ ಸಲೈನು, ಮತ್ತೆ ಎಣ್ಣೆ. ಬಾಟಲಿ ಎತ್ತಿ ಹಿಡಿಯುವ ಕೆಲಸ ತಮ್ಮದೇ ಎಂಬಂತೆ ಮುರುಗಪ್ಪನವರು ಮೊದಲೇ ಬಂದು ನಿಂತರು. ಈ ಸಲ ಮಾವ ಎದ್ದು ಬಂದು ಅವರ ಕೈಗೆ ತಮ್ಮ ಕೈ ಆಸರೆ ಕೊಟ್ಟರು.

ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಕಣ್ಣು ಮುಚ್ಚಿ ಮತ್ತೆ ಕೇಳಿದರು. ಅದನ್ನು ತೆಗೆದು ಅತ್ತೆಯ ಕಿವಿಗೆ ಇಟ್ಟರು.

"ಗಾಡಿ ಹೋದಂಗೆ ಆಗ್ತೈತೆ" ಎಂದರು ಅತ್ತೆ, ಹೆದರಿದ ದನಿಯಲ್ಲಿ.

"ಆಗಲಿ ಅಜ್ಜಿ, ಆಗಲಿ" ಎಂದರು ಡಾಕ್ಟರು.

ಕೆಂಚಿ ಮುರುಗಪ್ಪನವರ ಕಡೆಗೆ ಹಿಂಬದಿ ಹೊರಳಿಸಿ ಹಿಂಗಾಲು ಅಗಲಿಸಿತು. ಬಾಲ ಎತ್ತಿತು. ಮೊದಲು ಬರೀ ಗಾಳಿ. ಆಮೇಲೆ ಎಣ್ಣೆ ಸುರಿಯುತ್ತಾ, ಹಸಿರು ಹಸಿರಾಗಿ, ಅಡಗಿಸಿಟ್ಟಿದ್ದೆಲ್ಲವನ್ನೂ ಒಂದೇ ಸಲಕ್ಕೆ ಹಾಕಿಬಿಟ್ಟಿತು. ಅದರ ಅರ್ಧ ಪಾಲು ಮುರುಗಪ್ಪನವರ ಪಂಚೆಗೆ ಬಿತ್ತು. ಆ ಮನುಷ್ಯ ಅಲುಗಾಡಲಿಲ್ಲ, ಬಾಟಲಿ ಇಳಿಸಲಿಲ್ಲ. "ಹಾಕು ತಾಯಿ, ಇನ್ನೂ ಹಾಕು" ಎಂದರು.

ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅತ್ತೆ ಬೆಚ್ಚಗಿನ ಲದ್ದಿಯನ್ನು ಬೊಗಸೆಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅದೇ ಕೈಯಿಂದ ಡಾಕ್ಟರ ಎರಡೂ ಕೈ ಹಿಡಿದರು. "ನನ್ನ ತಾಯಿ ಕಣೇ ನೀನು" ಎಂದರು. ಡಾಕ್ಟರು ಕೈ ಬಿಡಿಸಿಕೊಳ್ಳಲಿಲ್ಲ. "ಅಜ್ಜಿ, ಕುದುರೆಗೆ ನಳಿಕೆ ಹಾಕಿದ್ದು ನಾನು ಇದೇ ಮೊದಲು" ಎಂದು ಹೇಳಿ, ಚಿಕ್ಕ ಹುಡುಗಿಯ ಹಾಗೆ ಗಳಗಳ ಅತ್ತರು. ಅತ್ತೆ ಆಮೇಲೆ ಮಾವನ ಕಡೆ ತಿರುಗಿ, ಕತ್ತರಿ ಹಾಕಿದಾಗಿನಿಂದ ಮೊದಲ ಸಲ ಮಾತಾಡಿದರು.

"ಏನಾರ ತಿಂದ್ಯಾ?"

ಮಾವ ಇಲ್ಲವೆಂದು ತಲೆಯಾಡಿಸಿದರು. ಅಷ್ಟಕ್ಕೇ ಎಲ್ಲ ಸರಿಹೋಯಿತು.

ಹೇನಿನ ಕಥೆ ಎಲ್ಲರಿಗೂ ಮರೆತೇ ಹೋಗಿತ್ತು. ಕೆಂಚಿ ಚೇತರಿಸಿಕೊಂಡು ಮೇವಿಗೆ ಬಾಯಿ ಹಾಕಿದ ಮೇಲೆ ಡಾಕ್ಟರು ಅದನ್ನೂ ಕೈಗೆತ್ತಿಕೊಂಡರು. ಕುದುರೆಯ ಹೇನು ಕುರಿಗೆ ಹತ್ತುವುದಿಲ್ಲ, ಮನುಷ್ಯರಿಗೂ ಹತ್ತುವುದಿಲ್ಲ, ಇನ್ನೊಂದು ಕುದುರೆಯಿಂದಲೇ ಬರಬೇಕು ಎಂದರು. "ಇಲ್ಲಿ ಬೇರೆ ಕುದುರೆ ಇಲ್ಲ. ಬೇರೆ ಕುದುರೆಯ ಮೈಮೇಲಿದ್ದ ಬಟ್ಟೆ ಗಿಟ್ಟೆ ಏನಾದರೂ ತಂದಿದ್ರಾ?"

ನಾವೆಲ್ಲ ಮಾವನ ಮುಖ ನೋಡಿದೆವು. ಹೊಸದುರ್ಗದ ಕಡೆಯ ಮದುವೆ ಮೆರವಣಿಗೆ ಕುದುರೆಯವನೊಬ್ಬನ ಹತ್ತಿರ ಅವರು ಒಂದು ಜರಿ ಅಂಚಿನ ಕೆಂಪು ಹಾಸು ಕೊಂಡು ತಂದಿದ್ದರು. ಬರೀ ಕಂಬಳಿಯ ಮೇಲೆ ಕೂತರೆ ಅತ್ತೆಯ ಸೊಂಟಕ್ಕೆ ಒತ್ತುತ್ತದೆ ಎಂದು, ಯಾರಿಗೂ ಹೇಳದೆ ತಂದು ಕೆಂಚಿಯ ಬೆನ್ನಿಗೆ ಹಾಕಿದ್ದರು. "ಪ್ರೀತಿ ಮಾಡಾಕೆ ಹೋಗಿ ಹೇನು ತಂದ" ಎಂದು ಅತ್ತೆ ನಕ್ಕುಬಿಟ್ಟರು. ಮಾವನ ಕಿವಿ ಕೆಂಪಾದವು.

ಹಾಸು, ಕಂಬಳಿ, ಹಗ್ಗ, ಮೈ ಉಜ್ಜುವ ಬ್ರಷ್ಷು ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿ ತೊಳೆದು, ದಿನಗಟ್ಟಲೆ ಬಿಸಿಲಿಗೆ ಹರವಿದೆವು. ಮೈಯ ಉಳಿದ ಕೂದಲನ್ನೂ ಗಿಡ್ಡ ಮಾಡಿದೆವು. ಕೆಂಚಿಗೆ ಪೂರ್ತಿ ಗುಣವಾದ ಮೇಲೆ ಡಾಕ್ಟರು ಕುದುರೆಗೆ ಆಗುವ ಪುಡಿಯನ್ನು ತರಿಸಿ, ತಾವೇ ನಿಂತು ಹಚ್ಚಿಸಿದರು. ಸೀರಿಗೆ ಯಾವ ಔಷಧಿಯೂ ನಾಟುವುದಿಲ್ಲ, ಅದು ಒಡೆದು ಮರಿ ಬಂದ ಮೇಲೆ ಇನ್ನೊಂದು ಸಲ ಹಚ್ಚದಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಎಂದು, ಎರಡು ವಾರ ಬಿಟ್ಟು ಮತ್ತೆ ಬಂದರು. ರಂಜಿತಾಳ ತಲೆಯ ಗುಟ್ಟು ಆಗ ನನಗೆ ತಿಳಿಯಿತು. ಇಷ್ಟು ವರ್ಷ ನಾನು ಒಂದೇ ಸಲಕ್ಕೆ ಗೆದ್ದೆ ಎಂದು ಬೀಗುತ್ತಿದ್ದೆ.

ಹೊಲ ಬದಲಿಸುವ ದಿನ ಬಂತು. ಬಿಸಿಲು ಚುರುಕಾಗುವ ಮೊದಲೇ ಜುಂಜೇಶ್ ಮಂದೆ ಎಬ್ಬಿಸಿದ. ಮಾವ ಕೆಂಚಿಯ ಮೇಲೆ ಹಾಸು ಬಿಗಿದು, ಅತ್ತೆಯನ್ನು ಬದುವಿನ ಮೇಲೆ ನಿಲ್ಲಿಸಿ, ಮೆಲ್ಲಗೆ ಎತ್ತಿ ಕೂರಿಸಿದರು. ಕೆಂಚಿ ಹೆಜ್ಜೆ ಹಾಕಿದ ಕೂಡಲೇ ಅತ್ತೆಯ ಎಡಗೈ ಅದರ ಕತ್ತಿಗೆ ಹೋಯಿತು. ಇಷ್ಟು ದಿನವೂ ಅವರು ಆ ಉದ್ದ ಕೂದಲನ್ನು ಹಿಡಿದೇ ಕೂರುತ್ತಿದ್ದರು. ಈಗ ಅಲ್ಲಿ ಆಗತಾನೇ ಮೊಳೆತ ರಾಗಿ ಪೈರಿನಷ್ಟು ಕೂದಲಿತ್ತು. ಬೆರಳಿಗೆ ಏನೂ ಸಿಗದೆ ಕೈ ಜಾರಿತು, ಅತ್ತೆ ಒಂದು ಕಡೆಗೆ ವಾಲಿದರು. ನಾನು ಓಡಿ ಹೋಗಿ ಪಕ್ಕಕ್ಕೆ ನಿಂತೆ. ಆ ಕೈ ಬಂದು ನನ್ನ ಹೆಗಲು ಹಿಡಿಯಿತು.

"ನಡಿ ಹೋಗಾಣ" ಎಂದರು.

ಮುರುಗಪ್ಪನವರ ಹೊಲದಿಂದ ನಾಲೆ ಏರಿಯವರೆಗೆ, ಅಲ್ಲಿಂದ ಮುಂದಿನ ಹೊಲದವರೆಗೆ ಅತ್ತೆ ಆ ಕೈ ತೆಗೆಯಲಿಲ್ಲ. ಕೆಂಚಿ ನನ್ನ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು, ಆಗಾಗ ಮೂತಿಯಿಂದ ನನ್ನ ತೋಳು ತಳ್ಳುತ್ತಾ ಬರುತ್ತಿತ್ತು.

"ಭಾರ ಆಗ್ತೈತೇನವ್ವ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ" ಎಂದೆ. ಸುಳ್ಳು. ಹೆಗಲು ಸೋತು ಹೋಗಿತ್ತು. ಆದರೆ ಆ ಕೈ ಹಟ್ಟಿಯ ಜಗಲಿಯ ಮೇಲಲ್ಲ, ನನ್ನ ಹೆಗಲ ಮೇಲಿದೆ ಎಂದು ನೆನೆದಾಗಲೆಲ್ಲ, ಯಾವ ದೇವರಿಗೆ, ಯಾವ ಮನುಷ್ಯರಿಗೆ ಮೊದಲು ಕೈ ಮುಗಿಯಬೇಕೆಂದು ತಿಳಿಯದೆ, ಹಾಗೇ ನಡೆದೆ.